ಗೇಟಿಲ್ಲದ ಅಡವಿ, ಬೇಟೆಯಿಲ್ಲದ ಗುಡ್ಡ: ಕಲಘಟಗಿಯ ಪಡುವಣ ಅಂಚು

ಧಾರವಾಡ ಜಿಲ್ಲೆಯ ಹಳ್ಳಿಗಾಡು ಎಂದರೆ ನವಲಗುಂದ, ಕುಂದಗೋಳ, ಅಣ್ಣಿಗೇರಿಯ ಎರಿ ಹೊಲಗಳೇ ಕಣ್ಣಿಗೆ ಕಟ್ಟುತ್ತವೆ. ಆದರೆ ಹುಬ್ಬಳ್ಳಿಯಿಂದ ಕಾರವಾರ ರಸ್ತೆ ಹಿಡಿದು ಸುಮಾರು 30 ಕಿ.ಮೀ. ಬಂದರೆ ಕಲಘಟಗಿ. ಅದನ್ನು ದಾಟಿದರೆ ನೆಲ ಏರಿಳಿಯುತ್ತದೆ, ಮಣ್ಣು ಕೆಂಪಾಗುತ್ತದೆ, ಸಾಗವಾನಿ, ಮತ್ತಿ, ಬಿದಿರು ರಸ್ತೆಯಂಚಿಗೇ ಬರುತ್ತವೆ. ನೀರೂ ದಿಕ್ಕು ಬದಲಿಸುತ್ತದೆ. ನವಲಗುಂದದ ಮಳೆನೀರು ಬೆಣ್ಣೆಹಳ್ಳ, ಮಲಪ್ರಭೆ, ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋದರೆ, ಇಲ್ಲಿಯದು ಬೇಡ್ತಿ ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರ ಮುಟ್ಟುತ್ತದೆ.

ಈ ಅಡವಿ ಮುಂಡಗೋಡ, ಯಲ್ಲಾಪುರ, ಹಳಿಯಾಳದ ಕಾಡುಗಳಿಗೆ ಹೊಂದಿಕೊಂಡಿದೆ. ಅವುಗಳಾಚೆ ದಾಂಡೇಲಿ, 1956ರಲ್ಲಿ ಅಭಯಾರಣ್ಯವಾದ ಆ ಕಾಡು ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗ. ಕಲಘಟಗಿಯ ಕಡೆಗೆ ಅಭಯಾರಣ್ಯದ ಫಲಕವೂ ಇಲ್ಲ, ಗೇಟೂ ಇಲ್ಲ. ಆದರೂ ಚಿಗರಿ, ಕಾಡುಹಂದಿ, ಚಿರತೆ, ನವಿಲುಗಳಿವೆ. ಭತ್ತ ತೆನೆಗಟ್ಟುವ ಹೊತ್ತಿಗೆ ಆನೆಗಳೂ ಬರುತ್ತವೆ.

ಬೇಟೆಯ ಮಾತಿಗೆ ಬಂದರೆ, ಬ್ರಿಟಿಷರ ಕಾಲದಲ್ಲಿ ಹುಲಿ ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. ಸಾಹೇಬರಿಗೆ ಶಿಕಾರಿ ರಜೆಯ ಮೋಜಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಆ ಅಧ್ಯಾಯ ಮುಚ್ಚುತ್ತ ಬಂತು. ಅಮೆರಿಕದಲ್ಲಿ ಲೈಸೆನ್ಸ್ ಪಡೆದವರು ಬೇಟೆಯಾಡಲೆಂದೇ ಸಾರ್ವಜನಿಕ ಕಾಡುಗಳಿವೆ. ನಮ್ಮಲ್ಲಿ ಮೋಜಿನ ಬೇಟೆಗೆ ಪರವಾನಗಿಯೇ ಇಲ್ಲ. ಕಾಯ್ದೆಯ ರಕ್ಷಣೆ ಅಭಯಾರಣ್ಯದ ಗಡಿಗೆ ನಿಲ್ಲುವುದಿಲ್ಲ, ಪ್ರಾಣಿಯ ಬೆನ್ನಿಗೇ ಹೋಗುತ್ತದೆ. ಗದ್ದೆಗಿಳಿದ ಆನೆಗೂ ಅದೇ ರಕ್ಷೆ. ಹಾಗಾಗಿ ಕಾಡು ಉಳಿಸುವ ಖರ್ಚಿನ ಒಂದು ಪಾಲು ಸದ್ದಿಲ್ಲದೆ ಇಲ್ಲಿನ ರೈತನ ಲೆಕ್ಕಕ್ಕೆ ಬೀಳುತ್ತದೆ. ಸುಗ್ಗಿಯ ಮುಂದೆ ಆತ ಅಟ್ಟಣಿಗೆ ಏರಿ, ಡಬ್ಬಿ ಬಡಿದು, ಪಟಾಕಿ ಹಚ್ಚಿ ರಾತ್ರಿ ಕಳೆಯುತ್ತಾನೆ. ಬೆಳೆ ಹಾನಿಗೆ ಅರಣ್ಯ ಇಲಾಖೆಯ ಪರಿಹಾರವಿದೆ. ನಿದ್ದೆಗೆಟ್ಟ ರಾತ್ರಿಗಳಿಗೆ ಇಲ್ಲ.

ಮೀನಿನ ಕಥೆ ಬೇರೆ. ಕೆರೆಗಳಲ್ಲಿ ಕಾಟ್ಲಾ, ರೋಹು ಮರಿ ಬಿಟ್ಟು ಬೆಳೆಸುತ್ತಾರೆ. ಹಿಡಿಯುವ ಹಕ್ಕು ಗುತ್ತಿಗೆ ಪಡೆದವರದು. ಗಾಳ ಹಾಕುವ ಆಸೆಯಿದ್ದರೆ ಮೊದಲು ಅವರನ್ನು ಕೇಳಬೇಕು. ನೀರಿನ ಮಾತು ಬಂದರೆ ನೀರಸಾಗರವೂ ಉಂಟು. ಬೇಡ್ತಿಗೆ ಕಟ್ಟಿದ ಅದು ಹುಬ್ಬಳ್ಳಿಗೆ ಕುಡಿಯುವ ನೀರು ಕೊಟ್ಟ ಜಲಾಶಯ. ಬರ ಬಿದ್ದರೆ ಅದೂ ಬತ್ತುತ್ತದೆ. ಮಳೆ ಬಿದ್ದರಷ್ಟೇ ಅದಕ್ಕೆ ಜೀವ.

ಹೋಗುವವರಿಗೆ: ಮಳೆ ಕಳೆದ ಮೇಲಿನ ತಿಂಗಳುಗಳು ಚೆಂದ, ಆದರೆ ಆನೆಗಳ ಓಡಾಟವೂ ಆಗಲೇ. ಹುಬ್ಬಳ್ಳಿಯಿಂದ ಬಸ್ಸುಗಳು ಸಾಕಷ್ಟಿವೆ. ಕಾಡಿನೊಳಗೆ ಕಾಲಿಡುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಹೊತ್ತು ಮುಳುಗುವ ಮೊದಲೇ ಊರು ಸೇರಿ. ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿ ಪೇಟೆಯನ್ನೂ ನೋಡಿ ಬನ್ನಿ.