ಬ್ಯಾಟರಿ ಬದಲಿಸಿದ ಮೇಲೆ ಇಂಜಿನ್ ತಡವರಿಸಿದರೆ

ಮಳೆಗಾಲ ಮುಗಿದು ಅಡಿಕೆ ಕೊಯ್ಲಿಗೆ ಸಿದ್ಧತೆ ನಡೆಯುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಎಷ್ಟೋ ಮನೆಗಳಲ್ಲಿ ವಾಹನದ ಬ್ಯಾಟರಿ ಕೈಕೊಟ್ಟಿರುತ್ತದೆ. ಮೂರು ತಿಂಗಳು ಶೆಡ್ಡಿನಲ್ಲಿ ನಿಂತೇ ಇದ್ದ ಗಾಡಿಗೆ ಇದು ಸಹಜ. ಹೊಸ ಬ್ಯಾಟರಿ ಹಾಕಿಸಿ ಹೊರಟರೆ ಬೇರೆಯೇ ತಕರಾರು: ಇಂಜಿನ್ ನಿಂತಲ್ಲೇ ನಡುಗುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಆಫ್ ಆಗುತ್ತದೆ, ಏರಿನಲ್ಲಿ ಎಳೆಯುವುದಿಲ್ಲ. ಬ್ಯಾಟರಿಯೇ ಖೋಟಾ ಎಂದು ಅಂಗಡಿಯವನೊಡನೆ ಜಗಳಕ್ಕೆ ಹೋಗುವವರುಂಟು. ಸಾವಿರಾರು ರೂಪಾಯಿ ಸುರಿದು ಬಿಡಿಭಾಗ ಬದಲಿಸುವವರೂ ಉಂಟು. ಅನೇಕ ಸಲ ಎರಡೂ ಬೇಕಿರುವುದಿಲ್ಲ.

ಮೊದಲು ನಿಮ್ಮ ವಾಹನ ಯಾವ ಬಗೆಯದೆಂದು ತಿಳಿಯಿರಿ. ಕಾರ್ಬುರೇಟರ್ ಇರುವ ಹಳೆಯ ಓಮ್ನಿ, ಯಾಂತ್ರಿಕ ಪಂಪಿನ ಹಳೆಯ ಡೀಸೆಲ್ ಜೀಪು, ಇವುಗಳಲ್ಲಿ ಇಂಜಿನ್ನಿಗೆ ನೆನಪಿನ ಶಕ್ತಿ ಇಲ್ಲ. ಇವು ತಡವರಿಸಿದರೆ ಸಡಿಲ ವೈರು, ಹಳಸಿದ ಪೆಟ್ರೋಲು, ಡೀಸೆಲಿನಲ್ಲಿ ಸೇರಿದ ನೀರು ಇವುಗಳ ಕಡೆ ನೋಡಬೇಕು. ಇಂಜೆಕ್ಷನ್ ಇರುವ ಪೆಟ್ರೋಲ್ ವಾಹನದ ಮಾತೇ ಬೇರೆ. ಅದರಲ್ಲಿ ಎಷ್ಟು ಗಾಳಿ, ಎಷ್ಟು ಪೆಟ್ರೋಲು ಎಂಬುದನ್ನು ಒಂದು ಚಿಕ್ಕ ಕಂಪ್ಯೂಟರ್ ನಿರ್ಧರಿಸುತ್ತದೆ. ಗಾಳಿ ಒಳಹೋಗುವ ಥ್ರಾಟಲ್ ಬಾಡಿಯಲ್ಲಿ ವರ್ಷಗಟ್ಟಲೆ ಮಸಿ ಕಟ್ಟುತ್ತ ಬಂದಾಗ, ಇಂಜಿನ್ ನಿಲ್ಲದಂತೆ ದಾರಿಯನ್ನು ತುಸು ಹೆಚ್ಚು ತೆರೆಯುವುದನ್ನು ಅದು ಕಲಿತುಕೊಂಡಿರುತ್ತದೆ. ಬ್ಯಾಟರಿ ಕಳಚಿದಾಗ ಹಲವು ವಾಹನಗಳಲ್ಲಿ ಈ ಕಲಿಕೆ ಅಳಿಸಿಹೋಗುತ್ತದೆ. ಮರ ಮರದ ಗುಣ ಬಲ್ಲ ಹಳೆಯ ಕೊನೆಗೌಡನ ಬದಲು ಹೊಸಬ ಬಂದಂತೆ. ಮಸಿ ಮಾತ್ರ ಇದ್ದಲ್ಲೇ ಇರುವುದರಿಂದ ಗಾಳಿ ಸಾಲದೆ ಇಂಜಿನ್ ನಿಲ್ಲುತ್ತದೆ.

ಆದರೆ ಎಲ್ಲವನ್ನೂ ಕಂಪ್ಯೂಟರಿನ ತಲೆಗೆ ಕಟ್ಟುವ ಮುನ್ನ ಬಾನೆಟ್ ತೆರೆದು ನೋಡಿ. ಕಳೆದ ಹಂಗಾಮಿನಲ್ಲಿ ಸಿದ್ದಾಪುರ ಕಡೆಯ ತೋಟಿಗರೊಬ್ಬರು, "ಪೆಟ್ರೋಲ್ ಪಂಪು ಹೋಗಿದೆಯಂತೆ ಸರ್, ಬದಲಿಸಬೇಕಂತೆ" ಎಂದು ಚಿಂತೆಯಲ್ಲಿದ್ದರು. ನೋಡಿದರೆ, ಬ್ಯಾಟರಿ ಎತ್ತುವಾಗ ಏರ್ ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಕ್ಲಿಪ್ಪಿನಿಂದ ಜಾರಿತ್ತು. ಸ್ಕ್ರೂಡ್ರೈವರಿನ ಎರಡು ಸುತ್ತಿನಲ್ಲಿ ಕೆಲಸ ಮುಗಿಯಿತು. ಸೆನ್ಸರಿನ ಪ್ಲಗ್ಗು ಕಳಚಿರುವುದು, ಇಲಿ ವೈರು ಕಡಿದಿರುವುದು ನಮ್ಮಲ್ಲಿ ಅಪರೂಪವಲ್ಲ.

ಬ್ಯಾಟರಿಯ ಕ್ಲಾಂಪುಗಳು ಕೈಯಿಂದ ತಿರುಗಿಸಿದರೆ ಅಲುಗಬಾರದು. ಕ್ಲಾಂಪಿನ ಮೇಲೆ ಮೈಲುತುತ್ತದ ಬಣ್ಣದ ಹುಡಿ ಇದ್ದರೆ ಕಳಚಿ, ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ ತೊಳೆದು, ಒಣಗಿಸಿ ಬಿಗಿಯಬೇಕು. ಆಮೇಲೆ ವ್ಯಾಸಲಿನ್ ಸವರಬೇಕು. ಕಳಚುವಾಗ ಮೊದಲು ಮೈನಸ್, ಜೋಡಿಸುವಾಗ ಮೈನಸ್ ಕಡೆಗೆ. ಇಲ್ಲದಿದ್ದರೆ ಸ್ಪ್ಯಾನರು ಗಾಡಿಯ ಮೈಗೆ ತಗುಲಿ ಕಿಡಿ ಹಾರುತ್ತದೆ. ಮೈನಸ್ ತಂತಿ ಗಾಡಿಯ ಮೈಗೂ ಇಂಜಿನ್ನಿಗೂ ಸೇರುವ ಜಾಗದ ತುಕ್ಕನ್ನು ಬಹಳ ಜನ ಮರೆಯುತ್ತಾರೆ.

ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಯಿತೇ ಎಂದು ನಾವು ಕತ್ತಿ ಅದ್ದಿ ನೋಡುವುದಿಲ್ಲವೇ? ಇಲ್ಲಿ ಆ ಕತ್ತಿಯ ಕೆಲಸಕ್ಕೆ ಮಲ್ಟಿಮೀಟರ್ ಇದೆ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಬೆಳಿಗ್ಗೆ ಸುಮಾರು 12.6 ವೋಲ್ಟ್ ತೋರಬೇಕು. 12.4ಕ್ಕಿಂತ ಕಡಿಮೆಯಿದ್ದರೆ ಹೊಸದಾದರೂ ಚಾರ್ಜ್ ಮಾಡಿಸಿ. ಅಂಗಡಿಯಲ್ಲಿ ಬಹಳ ದಿನ ಕುಳಿತ ಬ್ಯಾಟರಿಯೂ ಇಳಿದಿರುತ್ತದೆ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರೊಳಗೆ ಇರಬೇಕು. ಬಹಳ ಹೊತ್ತು ಓಡಿಸಿದರೂ 13ರ ಮೇಲೆ ಏರದಿದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟು ಪರೀಕ್ಷಿಸಿ. ಹಳೆಯ ಬ್ಯಾಟರಿಯನ್ನು ಕೊಂದದ್ದು ಅದೇ ಆಗಿದ್ದರೆ ಹೊಸದನ್ನೂ ಬಿಡದು.

ಇವೆಲ್ಲ ಸರಿಯಿದ್ದರೆ ಇಂಜಿನ್ನಿಗೆ ಮತ್ತೆ ಕಲಿಯಲು ಬಿಡಬೇಕು. ಗಾಡಿಯನ್ನು ಶೆಡ್ಡಿನಿಂದ ಅಂಗಳಕ್ಕೆ ತನ್ನಿ, ಮುಚ್ಚಿದ ಜಾಗದಲ್ಲಿ ಹೊಗೆ ಪ್ರಾಣಾಪಾಯ. ದೀಪ, ಎ.ಸಿ. ಎಲ್ಲ ಆಫ್ ಇರಲಿ. ಆಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್ ಮಾಡಿ, ರೇಡಿಯೇಟರ್ ಫ್ಯಾನು ಒಮ್ಮೆ ತಿರುಗಿ ನಿಲ್ಲುವವರೆಗೆ ಓಡಲಿ. ಆಮೇಲೆ ಹೆಡ್‌ಲೈಟ್, ಎ.ಸಿ. ಹಾಕಿ ಐದು ನಿಮಿಷ. ನಂತರ ಸಮತಟ್ಟಾದ ರಸ್ತೆಯಲ್ಲಿ ಬೇರೆ ಬೇರೆ ವೇಗದಲ್ಲಿ 15–20 ಕಿಲೋಮೀಟರ್ ಹೋಗಿಬನ್ನಿ. ಕೆಲವು ವಾಹನಗಳಿಗೆ ಪ್ರತ್ಯೇಕ ಕ್ರಮವಿದೆ, ಕೈಪಿಡಿಯಲ್ಲಿ ನೋಡಿಕೊಳ್ಳಿ. ಇಷ್ಟಾದರೂ ನಿಲ್ಲುತ್ತಿದ್ದರೆ ಥ್ರಾಟಲ್ ಬಾಡಿಯ ಮಸಿ ತೆಗೆಸಿ. ಎಲೆಕ್ಟ್ರಾನಿಕ್ ಥ್ರಾಟಲಿನ ತಟ್ಟೆಯನ್ನು ಬೆರಳಿನಿಂದ ಒತ್ತಬಾರದು.

ಅಲ್ಲಿಯವರೆಗೆ ದೇವಿಮನೆ ಘಟ್ಟ, ಅರಬೈಲ್ ಘಟ್ಟಗಳನ್ನು ಇಳಿಯುವ ಸಾಹಸ ಬೇಡ. ಇಳಿಜಾರಿನಲ್ಲಿ ಇಂಜಿನ್ ನಿಂತರೆ ಪವರ್ ಸ್ಟೇರಿಂಗ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬ್ರೇಕಿನ ಬೂಸ್ಟರಿನಲ್ಲಿ ಉಳಿದ ಶಕ್ತಿ ಒಂದೆರಡು ಸಲದ ಒತ್ತಿಗೆ ಮಾತ್ರ ಸಾಕು. ಆಗ ಪೆಡಲನ್ನು ಪದೇಪದೇ ತುಳಿಯದೆ ಒಮ್ಮೆಲೇ ಬಲವಾಗಿ ಒತ್ತಿ ಹಿಡಿಯಬೇಕು. ಗೇರಿನಲ್ಲೇ ಇರಲಿ, ಕೀ ಹೊರತೆಗೆಯಬೇಡಿ, ಸ್ಟೇರಿಂಗ್ ಲಾಕ್ ಆದೀತು. ನಿಂತ ಮೇಲೆ ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ.

ಡ್ಯಾಶ್‌ಬೋರ್ಡಿನ ಇಂಜಿನ್ ದೀಪ ಆರದೆ ಉಳಿದರೆ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಒಯ್ಯಿರಿ. ಯಾವುದೇ ಭಾಗ ಬದಲಿಸುವ ಮುನ್ನ ದೋಷದ ಕೋಡ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ದೀಪ ಆರಿಸಲೆಂದು ಬ್ಯಾಟರಿ ಕಳಚಿದರೆ ಆ ಕೋಡೂ ಅಳಿಸಿಹೋಗಬಹುದು, ಇಂಜಿನ್ ಕಲಿತದ್ದೂ ಹೋದೀತು.