ಉತ್ತರ ಬೆಂಗಳೂರಿನ ಹಿಂಗಾರು ಮಳೆ ಮತ್ತು ನೆರೆ

ಯಲಹಂಕ, ಜಕ್ಕೂರು, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ ಮೊದಲಾದ ಉತ್ತರ ಬೆಂಗಳೂರಿನ ಪ್ರದೇಶಗಳಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬೀಳುವ ಮಳೆಯನ್ನು ಹಿಂಗಾರು ಮಳೆ ಎನ್ನುತ್ತಾರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ, ದೊಡ್ಡ ನದಿಯೊಂದೂ ಹರಿಯದ ಈ ಪ್ರದೇಶದಲ್ಲಿ ನೆರೆ ಬರುವುದು ಅಚ್ಚರಿಯ ಸಂಗತಿಯೆನಿಸಬಹುದು. ಆದರೆ 2021ರ ನವೆಂಬರ್ ಮತ್ತು 2024ರ ಅಕ್ಟೋಬರ್ ತಿಂಗಳುಗಳಲ್ಲಿ ಇಲ್ಲಿನ ಜನರನ್ನು ಮನೆಗಳಿಂದ ದೋಣಿಗಳಲ್ಲಿ ಸಾಗಿಸಬೇಕಾಯಿತು. ಇಲ್ಲಿನ ನೆರೆಯನ್ನು ಆಯಾ ದಿನದ ಮಳೆಯೊಂದೇ ನಿರ್ಧರಿಸುವುದಿಲ್ಲ. ಮುಂಗಾರಿನ ಕೊನೆಗೆ ಕೆರೆಗಳು ಎಷ್ಟು ತುಂಬಿವೆ, ಕೋಡಿಯಿಂದ ಹೊರಬಿದ್ದ ನೀರಿಗೆ ಮುಂದೆ ದಾರಿಯಿದೆಯೇ ಎಂಬ ಎರಡು ಅಂಶಗಳೂ ಅಷ್ಟೇ ಮುಖ್ಯವಾಗುತ್ತವೆ.

ಭೂರಚನೆ ಮತ್ತು ಕೆರೆಗಳ ಸರಪಳಿ

ಬೆಂಗಳೂರಿನ ನಡುವೆ ಉತ್ತರ–ದಕ್ಷಿಣವಾಗಿ ಒಂದು ದಿಬ್ಬ ಹಾದುಹೋಗಿದೆ. ನಗರದ ಅತ್ಯಂತ ಎತ್ತರದ ಸ್ಥಳವೆಂದು ಗುರುತಿಸಲಾಗುವ ದೊಡ್ಡಬೆಟ್ಟಹಳ್ಳಿ (ಸುಮಾರು 962 ಮೀಟರ್) ಯಲಹಂಕದ ಸಮೀಪದಲ್ಲಿದೆ. ದಿಬ್ಬದ ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಪೂರ್ವಕ್ಕೆ ಬಿದ್ದ ನೀರು ದಕ್ಷಿಣ ಪಿನಾಕಿನಿಯತ್ತ ಹರಿಯುತ್ತದೆ. ಉತ್ತರ ಬೆಂಗಳೂರಿನ ಹೆಚ್ಚಿನ ಭಾಗ ಈ ಪೂರ್ವದ ಹೆಬ್ಬಾಳ ಕಣಿವೆಗೆ ಸೇರಿದೆ.

ಕಣಿವೆಯ ಉದ್ದಕ್ಕೂ ಹಿಂದಿನವರು ಬೇಸಾಯಕ್ಕೆಂದು ಕೆರೆಗಳನ್ನು ಕಟ್ಟಿದ್ದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಯನ್ನು ಸೇರುತ್ತಿತ್ತು. ಯಲಹಂಕ ಕೆರೆಯ ನೀರು ಜಕ್ಕೂರು ಕೆರೆಗೆ, ಅಲ್ಲಿಂದ ರಾಚೇನಹಳ್ಳಿ ಕೆರೆಗೆ ಸಾಗುತ್ತದೆ. ಹೆಬ್ಬಾಳ, ನಾಗವಾರ, ಕಲ್ಕೆರೆಗಳೂ ಇದೇ ಕಣಿವೆಯ ಕೆರೆಗಳು. ಕೊನೆಗೆ ನೀರು ಎಲೆ ಮಲ್ಲಪ್ಪ ಶೆಟ್ಟಿ ಕೆರೆಯನ್ನು ದಾಟಿ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಈ ವ್ಯವಸ್ಥೆಯಲ್ಲಿ ಕೆರೆಗಳಷ್ಟೇ ಮಹತ್ವ ಅವುಗಳನ್ನು ಜೋಡಿಸುವ ಕಾಲುವೆಗಳಿಗೂ ಇದೆ.

ಹಿಂಗಾರಿನ ಸ್ವರೂಪ

ನೈರುತ್ಯ ಮಾರುತ ಹಿಂದೆ ಸರಿದ ಬಳಿಕ, ಸಾಮಾನ್ಯವಾಗಿ ಅಕ್ಟೋಬರ್ ಮೂರನೆಯ ವಾರದ ಹೊತ್ತಿಗೆ, ಈಶಾನ್ಯ ಮಾರುತ ಪ್ರವೇಶಿಸುತ್ತದೆ. ರೈತರ ಲೆಕ್ಕದಲ್ಲಿ ಇದು ಚಿತ್ತೆ, ಸ್ವಾತಿ, ವಿಶಾಖ, ಅನೂರಾಧ ಮಳೆಗಳ ಕಾಲ. ರಾಗಿಯ ಕೊಯ್ಲೂ ಈ ವೇಳೆಗೇ ಬರುವುದರಿಂದ ಸುತ್ತಲಿನ ಗ್ರಾಮಾಂತರ ಪ್ರದೇಶಗಳಲ್ಲಿ ಹಿಂಗಾರು ಅತಿಯಾದರೆ ಬೆಳೆ ಹಾನಿಯಾಗುತ್ತದೆ.

ಈ ಅವಧಿಯ ಮಳೆಯಲ್ಲಿ ಎರಡು ಬಗೆಗಳಿವೆ. ಒಂದು, ಸಂಜೆ ಅಥವಾ ರಾತ್ರಿ ಗುಡುಗು ಸಹಿತ ಕೆಲವೇ ಗಂಟೆಗಳಲ್ಲಿ ರಭಸವಾಗಿ ಸುರಿಯುವ ಮಳೆ. ಇನ್ನೊಂದು, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾದಾಗ ದಿನಗಟ್ಟಲೆ ಹಿಡಿಯುವ ಜಡಿಮಳೆ. ಗಾಳಿಯ ವೇಗ ಗಂಟೆಗೆ 31ರಿಂದ 49 ಕಿ.ಮೀ. ಇದ್ದರೆ ಅದನ್ನು ವಾಯುಭಾರ ಕುಸಿತವೆಂದೂ 62 ಕಿ.ಮೀ. ಮುಟ್ಟಿದರೆ ಚಂಡಮಾರುತವೆಂದೂ ಭಾರತೀಯ ಹವಾಮಾನ ಇಲಾಖೆ ವರ್ಗೀಕರಿಸುತ್ತದೆ. 2022ರ ಡಿಸೆಂಬರ್‌ನಲ್ಲಿ ಮಾಂಡೌಸ್ ಮಾಮಲ್ಲಪುರದ ಬಳಿ, 2024ರ ನವೆಂಬರ್ 30ರಂದು ಫೆಂಗಲ್ ಪುದುಚೇರಿಯ ಬಳಿ ದಡ ಸೇರಿದವು. ಇಂಥ ಚಂಡಮಾರುತಗಳು ಬೆಂಗಳೂರನ್ನು ತಲಪುವಷ್ಟರಲ್ಲಿ ಗಾಳಿಯ ಬಿರುಸನ್ನು ಕಳೆದುಕೊಂಡಿರುತ್ತವೆ. ಆದರೂ ಅವು ತರುವ ಮೋಡ, ಮಳೆ ಮತ್ತು ಚಳಿ ನಗರವನ್ನು ಆವರಿಸುತ್ತವೆ. ಚಂಡಮಾರುತದ ಹೆಸರಿಲ್ಲದ ಸಾಧಾರಣ ವಾಯುಭಾರ ಕುಸಿತವೂ ತುಂಬಿದ ಕೆರೆಗಳ ಪಾಲಿಗೆ ಅಪಾಯಕಾರಿಯಾಗಬಲ್ಲದು.

2021ರ ನವೆಂಬರ್ ನೆರೆ

2021ರ ನವೆಂಬರ್ 19ರಂದು ವಾಯುಭಾರ ಕುಸಿತವೊಂದು ಚೆನ್ನೈ ಮತ್ತು ಪುದುಚೇರಿಯ ನಡುವೆ ದಡ ಸೇರಿತು. ಆ ತಿಂಗಳಿಡೀ ಮಳೆಯಾಗಿದ್ದರಿಂದ ನೆಲ ತೊಯ್ದು, ಕೆರೆಗಳು ತುಂಬಿದ್ದವು. ನವೆಂಬರ್ 21ರ ರಾತ್ರಿ ಯಲಹಂಕದಲ್ಲಿ ಕೆಲವೇ ಗಂಟೆಗಳಲ್ಲಿ 100 ಮಿ.ಮೀ.ಗೂ ಮೀರಿ ಮಳೆ ಸುರಿದು ಯಲಹಂಕ ಕೆರೆ ಉಕ್ಕಿತು. ಬಳ್ಳಾರಿ ರಸ್ತೆಯ ಬದಿಯಲ್ಲಿರುವ, 600ಕ್ಕೂ ಹೆಚ್ಚು ಮನೆಗಳ ಕೇಂದ್ರೀಯ ವಿಹಾರ ವಸತಿ ಸಮುಚ್ಚಯವನ್ನು ನೀರು ಸುತ್ತುವರಿಯಿತು. ವಾಹನಗಳು ಮುಳುಗಿದವು, ವಿದ್ಯುತ್ ಮತ್ತು ಕುಡಿಯುವ ನೀರಿನ ಪೂರೈಕೆ ನಿಂತಿತು. ನಿವಾಸಿಗಳನ್ನು ದೋಣಿ ಹಾಗೂ ಟ್ರ್ಯಾಕ್ಟರ್‌ಗಳಲ್ಲಿ ಹೊರತರಲಾಯಿತು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರಯೋಗಾಲಯಗಳಿಗೂ ನೀರು ನುಗ್ಗಿ ಉಪಕರಣಗಳು ಹಾಳಾದವು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಸ್ಥಳಕ್ಕೆ ಭೇಟಿ ನೀಡಿ, ರಾಜಕಾಲುವೆಯನ್ನು ಅಗಲಗೊಳಿಸುವ ಭರವಸೆ ನೀಡಿದರು.

2024ರ ಅಕ್ಟೋಬರ್ ನೆರೆ

2024ರ ಅಕ್ಟೋಬರ್ 15ರ ಮಳೆಗೆ ನಾಗವಾರ ಬಳಿಯ ಮಾನ್ಯತಾ ಟೆಕ್ ಪಾರ್ಕ್ ಜಲಾವೃತವಾಯಿತು. ಅಕ್ಟೋಬರ್ 21ರ ರಾತ್ರಿಯಿಂದ 22ರ ಬೆಳಗಿನವರೆಗೆ ಯಲಹಂಕ ಭಾಗದಲ್ಲಿ 150 ಮಿ.ಮೀ.ಗೂ ಹೆಚ್ಚು ಮಳೆಯಾಗಿ, ಕೇಂದ್ರೀಯ ವಿಹಾರ ಮತ್ತೆ ಮುಳುಗಿತು. ಮೂರು ವರ್ಷಗಳ ಅಂತರದಲ್ಲಿ ಅದೇ ಜನ ಅದೇ ಆವರಣದಿಂದ ಮತ್ತೊಮ್ಮೆ ದೋಣಿಯಲ್ಲಿ ಹೊರಬಂದರು.

ಕಾರಣಗಳು

ಒಂದು ಚದರ ಮೀಟರ್ ನೆಲದ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು 1 ಲೀಟರ್ ನೀರು. ಈ ಲೆಕ್ಕದಂತೆ 150 ಮಿ.ಮೀ. ಮಳೆಯಿಂದ ಒಂದು ಚದರ ಕಿಲೋಮೀಟರ್‌ನಲ್ಲಿ 15 ಕೋಟಿ ಲೀಟರ್ ನೀರು ಸೇರುತ್ತದೆ. ಹೊಲ, ತೋಪುಗಳಿದ್ದಾಗ ಇದರಲ್ಲಿ ಗಣನೀಯ ಭಾಗ ಇಂಗುತ್ತಿತ್ತು. ಕಾಂಕ್ರೀಟ್ ಮತ್ತು ಡಾಂಬರು ಹೊದ್ದ ನೆಲದಲ್ಲಿ ಬಹುಪಾಲು ನೀರು ಕೂಡಲೇ ಕಾಲುವೆಗೆ ಹರಿಯುತ್ತದೆ. ಒತ್ತುವರಿ, ಹೂಳು ಮತ್ತು ಕಸದಿಂದ ಕಿರಿದಾದ ಕಾಲುವೆಗೆ ಅದನ್ನು ಸಾಗಿಸುವ ಶಕ್ತಿಯಿರುವುದಿಲ್ಲ. ಕೋಡಿಯ ಕೆಳಭಾಗದಲ್ಲಿ, ಹಿಂದೆ ಅಚ್ಚುಕಟ್ಟು ಇದ್ದ ತಗ್ಗಿನಲ್ಲಿ ಎದ್ದ ಕಟ್ಟಡಗಳು ಮೊದಲು ತೊಂದರೆಗೊಳಗಾಗುತ್ತವೆ. ಆರ್.ಟಿ. ನಗರದಂಥ ಹಳೆಯ ಬಡಾವಣೆಗಳಲ್ಲಿ ಹಾಗೂ ಎತ್ತರದ ಯಶವಂತಪುರದ ಕಡೆ ಕೆರೆಯ ನೀರಿಗಿಂತ ಚರಂಡಿ ಉಕ್ಕುವುದು, ರೈಲ್ವೆ ಕೆಳಸೇತುವೆ ಮತ್ತು ನೆಲಮಾಳಿಗೆಗಳಲ್ಲಿ ನೀರು ನಿಲ್ಲುವುದು ಹೆಚ್ಚಿನ ಸಮಸ್ಯೆ. ಹೆಬ್ಬಾಳದಲ್ಲಿ ನೀರು ನಿಂತರೆ ವಿಮಾನ ನಿಲ್ದಾಣದ ಸಂಚಾರಕ್ಕೇ ಅಡ್ಡಿಯಾಗುತ್ತದೆ.

ಮುನ್ಸೂಚನೆಯ ಅರ್ಥ

ಹವಾಮಾನ ಇಲಾಖೆಯ ಪ್ರಕಾರ 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಭಾರೀ ಮಳೆ; 115.6ರಿಂದ 204.4 ಮಿ.ಮೀ.ವರೆಗೆ ಅತಿ ಭಾರೀ ಮಳೆ. ಹಳದಿ ಎಚ್ಚರಿಕೆ ಎಂದರೆ ಗಮನವಿಡಬೇಕು, ಕಿತ್ತಳೆ ಎಂದರೆ ಸಿದ್ಧವಾಗಿರಬೇಕು, ಕೆಂಪು ಎಂದರೆ ಕ್ರಮ ಕೈಗೊಳ್ಳಬೇಕು ಎಂದರ್ಥ. ಯಲಹಂಕದಲ್ಲಿಯೇ ಇರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಮಳೆಮಾಪಕಗಳ ಜಾಲದಿಂದ ಮಾಹಿತಿ ಪಡೆದು, ‘ವರುಣಮಿತ್ರ’ ಸಹಾಯವಾಣಿಯ ಮೂಲಕವೂ ಜನರಿಗೆ ತಿಳಿಸುತ್ತದೆ.

ಇಡೀ ಋತುವಿನ ಮುನ್ನೋಟಕ್ಕೆ ಮಿತಿಗಳಿವೆ. ಶಾಂತ ಸಾಗರದ ಎಲ್ ನಿನೊ ಸ್ಥಿತಿಯಲ್ಲಿ ಹಿಂಗಾರು ಚುರುಕಾಗುವುದು ಹೆಚ್ಚು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ 2021ರಲ್ಲಿ ಅದಕ್ಕೆ ವಿರುದ್ಧವಾದ ಲಾ ನಿನಾ ಸ್ಥಿತಿಯಿತ್ತು. ಆದ್ದರಿಂದ ಋತುವಿನ ಸರಾಸರಿಯನ್ನು ನಂಬಿ ನಿಶ್ಚಿಂತರಾಗುವಂತಿಲ್ಲ. ಕೆರೆಗಳು ಅರ್ಧ ಬರಿದಾಗಿರುವಾಗ ನೂರು ಮಿ.ಮೀ. ಮಳೆ ವರವಾಗಬಹುದು, ಕೋಡಿ ಹರಿಯುತ್ತಿರುವಾಗ ಅದೇ ಮಳೆ ನೆರೆಯಾಗುತ್ತದೆ.

ಮುನ್ನೆಚ್ಚರಿಕೆ

ಹಿಂಗಾರಿಗೆ ಮುನ್ನ ರಾಜಕಾಲುವೆಗಳ ಹೂಳೆತ್ತುವುದು, ಕೋಡಿಗಳನ್ನು ತೆರವಾಗಿಡುವುದು, ತೂಬುಗಳ ಮೂಲಕ ಮುಂಚಿತವಾಗಿ ಸ್ವಲ್ಪ ನೀರನ್ನು ಹೊರಬಿಟ್ಟು ಕೆರೆಯಲ್ಲಿ ಜಾಗ ಉಳಿಸಿಕೊಳ್ಳುವುದು ಆಡಳಿತ ಕೈಗೊಳ್ಳಬಹುದಾದ ಕ್ರಮಗಳು. ತಗ್ಗು ಪ್ರದೇಶದ ನಿವಾಸಿಗಳು ಎಚ್ಚರಿಕೆ ಬಂದಾಗ ವಾಹನಗಳನ್ನು ನೆಲಮಾಳಿಗೆಯಿಂದ ಹೊರತರುವುದು, ನೀರು ಏರುವ ಮೊದಲೇ ವಿದ್ಯುತ್ತಿನ ಮುಖ್ಯ ಸ್ವಿಚ್ ಆರಿಸುವುದು, ನೀರು ತುಂಬಿದ ಕೆಳಸೇತುವೆಗೆ ವಾಹನ ಇಳಿಸದಿರುವುದು ಅಗತ್ಯ. ಮನೆ ಕೊಳ್ಳುವವರು ಜಾಗದ ಹಳೆಯ ಗ್ರಾಮ ನಕ್ಷೆಯಲ್ಲಿ ಕೆರೆ, ಕಾಲುವೆಗಳ ಗುರುತನ್ನು ಪರಿಶೀಲಿಸುವುದು ಒಳಿತು.