ಪಕ್ಕೆಯಲ್ಲಿ ಎದ್ದ ನೋವು ಕಿಡ್ನಿಯದೇ?

ಮೂತ್ರಪಿಂಡಗಳು ಇರುವುದು ಹೊಟ್ಟೆಯ ಹಿಂಭಾಗದಲ್ಲಿ, ಬೆನ್ನುಮೂಳೆಯ ಎರಡೂ ಬದಿಗೆ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ. ಒಂದೊಂದೂ ಮುಷ್ಟಿಯಷ್ಟು ದೊಡ್ಡದು. ಮೇಲೆ ಯಕೃತ್ತು ಕೂತಿರುವುದರಿಂದ ಬಲಗಡೆಯದು ಸ್ವಲ್ಪ ಕೆಳಗಿರುತ್ತದೆ. ಹೀಗಾಗಿ ಕಿಡ್ನಿಯ ನೋವು ಸಾಮಾನ್ಯವಾಗಿ ಶುರುವಾಗುವುದು ಸೊಂಟಕ್ಕಿಂತ ಮೇಲೆ, ಕೊನೆಯ ಪಕ್ಕೆಲುಬು ಬೆನ್ನುಮೂಳೆಗೆ ಕೂಡುವ ಮೂಲೆಯಲ್ಲಿ. ವೈದ್ಯರು ರೋಗಿಯನ್ನು ಕೂರಿಸಿ ಹಿಂದಿನಿಂದ ಮೆಲ್ಲಗೆ ಗುದ್ದಿ ನೋಡುವುದು ಇದೇ ಜಾಗವನ್ನು. ಸೊಂಟ ಹಿಡಿದುಕೊಂಡರೆ ಸಾಕು, ಕಿಡ್ನಿ ಹೋಯಿತೆಂದು ಹೆದರುವವರು ಬಹಳ. ಅವರಲ್ಲಿ ಹೆಚ್ಚಿನವರದು ಸ್ನಾಯುವಿನ ಉಳುಕು.

ಮೂತ್ರಪಿಂಡದ ಒಳತಿರುಳಿಗೆ ನೋವು ತಿಳಿಯುವುದಿಲ್ಲ. ನೋವು ತಿಳಿಯುವುದು ಅದರ ಹೊರಪೊರೆಗೆ ಮತ್ತು ಮೂತ್ರ ಇಳಿದುಹೋಗುವ ನಾಳಕ್ಕೆ. ಸೋಂಕಿನಿಂದ ಪಿಂಡ ಊದಿಕೊಂಡರೆ ಪೊರೆ ಬಿಗಿಯುತ್ತದೆ. ಆಗ ಪಕ್ಕೆಯಲ್ಲಿ ಬಿಡದೆ ಮಂದವಾದ ನೋವು. ಕಲ್ಲು ಸಿಕ್ಕಿಕೊಂಡಾಗಿನ ನೋವಿನ ರೀತಿಯೇ ಬೇರೆ. ಮೂತ್ರನಾಳದ ಉದ್ದ ಸುಮಾರು 25 ಸೆಂಟಿಮೀಟರ್, ಒಳಗಿನ ಅಗಲ ಮೂರು ನಾಲ್ಕು ಮಿಲಿಮೀಟರ್ ಮಾತ್ರ. ಕಲ್ಲು ಅಡ್ಡ ನಿಂತರೆ ಮೂತ್ರ ಹಿಂದಕ್ಕೆ ಒತ್ತುತ್ತದೆ, ನಾಳ ಅದನ್ನು ತಳ್ಳಲು ಹಿಂಡಿಕೊಳ್ಳುತ್ತದೆ. ಅದಕ್ಕೇ ಈ ನೋವು ಅಲೆಅಲೆಯಾಗಿ ಬರುತ್ತದೆ. ಕಲ್ಲು ಕೆಳಗಿಳಿದಂತೆ ನೋವೂ ಪಕ್ಕೆಯಿಂದ ಕಿಬ್ಬೊಟ್ಟೆಗೆ, ಅಲ್ಲಿಂದ ತೊಡೆಸಂದಿಗೆ ಜಾರುತ್ತದೆ. ಮೂತ್ರಕೋಶದ ಬಾಗಿಲಿಗೆ ಬಂದು ನಿಂತಾಗ ಪದೇ ಪದೇ ಮೂತ್ರಕ್ಕೆ ಅವಸರವಾಗುತ್ತದೆ. ಹೋದರೆ ನಾಲ್ಕು ಹನಿ. ಕಿಡ್ನಿ ಮತ್ತು ಕರುಳಿನ ನರಗಳು ಒಂದೇ ದಾರಿಯಲ್ಲಿ ಸೇರುವುದರಿಂದ ಓಕರಿಕೆ, ವಾಂತಿಯೂ ಜೊತೆಗೂಡುತ್ತವೆ.

ಬೆನ್ನುನೋವನ್ನೂ ಕಲ್ಲಿನ ನೋವನ್ನೂ ಬೇರೆ ಮಾಡಿ ನೋಡಲು ರೋಗಿ ಹೇಗಿದ್ದಾನೆಂದು ಗಮನಿಸಿದರೆ ಅರ್ಧ ಉತ್ತರ ಸಿಗುತ್ತದೆ. ಸ್ನಾಯು ಉಳುಕಿದವನು ಅಲುಗಾಡದೆ ಮಲಗುತ್ತಾನೆ. ಬಗ್ಗಿದರೆ, ಹೊರಳಿದರೆ ನೋವು ಹೆಚ್ಚು. ಕಲ್ಲಿನ ನೋವಿನವನು ಕೂರಲಾರ, ಮಲಗಲಾರ, ನಿಲ್ಲಲಾರ; ಯಾವ ಭಂಗಿಯಲ್ಲೂ ನೆಮ್ಮದಿ ಇಲ್ಲ. ಮೂತ್ರ ಕೆಂಪಗೆ ಅಥವಾ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಆದರೂ ಅಪೆಂಡಿಕ್ಸ್, ಪಿತ್ತಕೋಶದ ಕಲ್ಲು, ಸರ್ಪಸುತ್ತು ಕೂಡ ಇದೇ ವೇಷದಲ್ಲಿ ಬರಬಲ್ಲವು. ಅರವತ್ತು ದಾಟಿದವರಿಗೆ ಜೀವನದಲ್ಲಿ ಮೊದಲ ಸಲ ಇಂಥ ನೋವು ಬಂದರೆ ಹೊಟ್ಟೆಯ ಮಹಾಧಮನಿ ಊದಿ ಬಿರಿದಿರುವ ಸಾಧ್ಯತೆಯನ್ನೂ ವೈದ್ಯರು ನೋಡುತ್ತಾರೆ.

ಪಕ್ಕೆನೋವಿನ ಜೊತೆ ಚಳಿಜ್ವರ ಬಂದರೆ ಮನೆಮದ್ದಿನ ಮಾತು ಅಲ್ಲಿಗೆ ಮುಗಿಯಿತು. ಅದು ಸೋಂಕು, ಬಹುಪಾಲು ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾದ ಕೆಲಸ. ಅದಕ್ಕೆ ಆ್ಯಂಟಿಬಯೋಟಿಕ್ ಬೇಕು. ನಾಳ ಕಟ್ಟಿಕೊಂಡಿರುವಾಗಲೇ ಸೋಂಕೂ ಸೇರಿದರೆ ಗಂಟೆಗಳ ಲೆಕ್ಕದಲ್ಲಿ ಜೀವಕ್ಕೆ ಅಪಾಯ. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಒಂದೇ ಕಿಡ್ನಿ ಇರುವವರು ಜ್ವರಕ್ಕೂ ಕಾಯಬಾರದು. ಮೂತ್ರ ಪೂರ್ತಿ ನಿಂತರೆ, ವಾಂತಿಯಿಂದ ಹನಿ ನೀರೂ ಒಳಗೆ ನಿಲ್ಲದಿದ್ದರೆ ಯಾರೇ ಆಗಲಿ ಆಸ್ಪತ್ರೆಗೆ ಹೋಗಬೇಕು.

ನೋವಿನ ಪ್ರಮಾಣಕ್ಕೂ ಅಪಾಯದ ಪ್ರಮಾಣಕ್ಕೂ ಇಲ್ಲಿ ತಾಳೆಯಾಗುವುದಿಲ್ಲ. ಎಳ್ಳಿನಷ್ಟು ಕಲ್ಲು ಮನುಷ್ಯನನ್ನು ನೆಲಕ್ಕೆ ಉರುಳಿಸುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ವರ್ಷಗಟ್ಟಲೆ ಸವೆಯುವ ಕಿಡ್ನಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಆ ಸವೆತವನ್ನು ತೋರಿಸುವುದು ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಪರೀಕ್ಷೆ.

ಕಲ್ಲಿನ ನೋವು ಎದ್ದ ಹೊತ್ತಿನಲ್ಲಿ ಮನೆಯಲ್ಲೇ ಮಾಡಬಹುದಾದದ್ದು ಕಡಿಮೆ, ಆದರೆ ಇಲ್ಲವೆಂದಲ್ಲ. ಬಿಸಿನೀರಿನ ಚೀಲದ ಶಾಖ ನಿಜಕ್ಕೂ ಕೆಲಸ ಮಾಡುತ್ತದೆ. ವಿಯೆನ್ನಾದಲ್ಲಿ ಆಂಬ್ಯುಲೆನ್ಸ್‌ನಲ್ಲಿ ಸಾಗಿಸುತ್ತಿದ್ದ ರೋಗಿಗಳಿಗೆ 42 ಡಿಗ್ರಿ ಶಾಖ ಕೊಟ್ಟು ನೋಡಿದಾಗ ನೋವೂ ಓಕರಿಕೆಯೂ ತಗ್ಗಿದವು. 2003ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಚೀಲಕ್ಕೆ ಬಟ್ಟೆ ಸುತ್ತಿ, ಚರ್ಮ ಸುಡದಂತೆ ಇಡಬೇಕು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರು ಇನ್ನೂ ಎಚ್ಚರವಾಗಿರಬೇಕು. ನೋವಿನ ನಡುವೆ ಬಿಂದಿಗೆಗಟ್ಟಲೆ ನೀರು ಕುಡಿಸಿ ಕಲ್ಲನ್ನು ತಳ್ಳಿಬಿಡುತ್ತೇವೆ ಎನ್ನುವುದು ಮಾತ್ರ ತಪ್ಪು. ಕಟ್ಟಿಕೊಂಡ ನಾಳದ ಹಿಂದೆ ಮತ್ತಷ್ಟು ಮೂತ್ರ ತುಂಬಿದರೆ ಒತ್ತಡ ಹೆಚ್ಚುತ್ತದೆಯೇ ಹೊರತು ಕಲ್ಲು ಬೇಗ ಬೀಳುತ್ತದೆಂಬುದಕ್ಕೆ ಆಧಾರವಿಲ್ಲ. ಬಾಯಾರಿಕೆಗೆ ತಕ್ಕಷ್ಟು ಗುಟುಕು ಗುಟುಕಾಗಿ ಕುಡಿದರೆ ಸಾಕು. ಡೈಕ್ಲೋಫೆನಾಕ್‌ನಂಥ ಮಾತ್ರೆ ಈ ನೋವಿಗೆ ಒಳ್ಳೆಯ ಮದ್ದೇ. ಆದರೆ ಮೈಯಲ್ಲಿ ನೀರು ಬತ್ತಿದವರಿಗೆ, ಕಿಡ್ನಿ ಮೊದಲೇ ದುರ್ಬಲವಾದವರಿಗೆ ಅದೇ ಕಿಡ್ನಿಗೆ ಪೆಟ್ಟು. ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವ ಮಾತ್ರೆಯಲ್ಲ ಅದು.

ಐದು ಮಿಲಿಮೀಟರ್‌ಗಿಂತ ಸಣ್ಣ ಕಲ್ಲುಗಳಲ್ಲಿ ಹೆಚ್ಚಿನವು ಕೆಲವು ವಾರಗಳಲ್ಲಿ ತಾವಾಗಿಯೇ ಬಿದ್ದುಹೋಗುತ್ತವೆ. ಹತ್ತು ದಾಟಿದ್ದು ತಾನಾಗಿ ಬೀಳುವುದು ಅಪರೂಪ. ಆ ವಾರಗಳಲ್ಲಿ ಯಾವ ಕಷಾಯ ಕುಡಿದಿದ್ದರೂ ಕೀರ್ತಿ ಕಷಾಯಕ್ಕೇ ಹೋಗುತ್ತದೆ. ಊರಿಗೊಬ್ಬ ಕಲ್ಲು ಕರಗಿಸುವ ಪಂಡಿತ ಇರುವುದರ ಗುಟ್ಟು ಇಷ್ಟೇ.

ಸಹಜ ಉಪಾಯಗಳಿಗೆ ನಿಜವಾದ ಬಲ ಇರುವುದು ನೋವಿಲ್ಲದ ದಿನಗಳಲ್ಲಿ, ಮುಂದಿನ ಕಲ್ಲನ್ನು ತಡೆಯುವುದರಲ್ಲಿ. ಇಟಲಿಯ ಪಾರ್ಮಾದ ವೈದ್ಯರು ಮೊದಲ ಸಲ ಕಲ್ಲಾದ 199 ಮಂದಿಯನ್ನು ಐದು ವರ್ಷ ಗಮನಿಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ನೀರು ಕುಡಿದವರಲ್ಲಿ ಶೇ 12 ಮಂದಿಗೆ, ಎಂದಿನಂತೆ ಕುಡಿದವರಲ್ಲಿ ಶೇ 27 ಮಂದಿಗೆ ಕಲ್ಲು ಮರುಕಳಿಸಿತು. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗಬೇಕು ಎಂಬುದು ಇಂದಿನ ಲೆಕ್ಕ. ಕುಡಿದ ಲೋಟಗಳನ್ನು ಎಣಿಸುವುದಕ್ಕಿಂತ ಮೂತ್ರದ ಬಣ್ಣ ನೋಡುವುದು ಮೇಲು, ತಿಳಿಹಳದಿ ಇದ್ದರೆ ಸರಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವವರ ನೀರು ಬೆವರಾಗಿಯೇ ಹೋಗುವುದರಿಂದ ಅವರಿಗೆ ಇನ್ನೂ ಹೆಚ್ಚು ಬೇಕು. ಹೃದಯ ಅಥವಾ ಕಿಡ್ನಿ ವೈಫಲ್ಯಕ್ಕೆ ನೀರಿನ ಮಿತಿ ಹಾಕಿಸಿಕೊಂಡವರಿಗೆ ಈ ಸಲಹೆ ಸಲ್ಲದು.

ನಿಂಬೆಹಣ್ಣಿನ ಸಿಟ್ರೇಟ್ ಮೂತ್ರದಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಹರಳುಗಟ್ಟಲು ಬಿಡುವುದಿಲ್ಲ. ಆದರೆ ಪಾನಕಕ್ಕೆ ಉಪ್ಪು, ಸಕ್ಕರೆ ಸುರಿದರೆ ಲಾಭ ಹೊಳೆಗೆ ಹೋದಂತೆ. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ; ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಲೆಕ್ಕವೂ ಅದರಲ್ಲೇ ಸೇರಬೇಕು. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆಯೆಂದು ಹಾಲು ಮೊಸರು ಬಿಡುವವರು ಅನೇಕ. ಅದೇ ಪಾರ್ಮಾ ತಂಡ 2002ರಲ್ಲಿ ಇದು ತಿರುಗುಮುರುಗು ಎಂದು ತೋರಿಸಿತು. ಕ್ಯಾಲ್ಸಿಯಂ ಕಡಿಮೆ ಮಾಡಿದವರಿಗಿಂತ, ಅದನ್ನು ಎಂದಿನಂತೆ ತಿಂದು ಉಪ್ಪು, ಮಾಂಸ ಕಡಿಮೆ ಮಾಡಿದವರಿಗೇ ಕಲ್ಲು ಮರುಕಳಿಸಿದ್ದು ಕಡಿಮೆ. ಪಾಲಕ್‌ನಂಥ ಸೊಪ್ಪಿನಲ್ಲಿದ್ದು ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗುವ ಆಕ್ಸಲೇಟನ್ನು ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಕಟ್ಟಿಹಾಕುತ್ತದೆ. ಪಾಲಕ್ ತಿಂದ ದಿನ ಜೊತೆಗೆ ಮಜ್ಜಿಗೆ ಇರಲಿ ಎನ್ನುವುದಕ್ಕೆ ಕಾರಣ ಇದೇ.

ಹುರುಳಿಕಟ್ಟು, ಬಾಳೆದಿಂಡಿನ ರಸ ನಮ್ಮಲ್ಲಿ ಮನೆಮನೆಯ ಮದ್ದು. ಮಿತವಾಗಿ ಸೇವಿಸಿದರೆ ಹೆಚ್ಚಿನವರಿಗೆ ತೊಂದರೆಯಿಲ್ಲ. ದೊಡ್ಡ ಕಲ್ಲನ್ನು ಕರಗಿಸುತ್ತವೆಂದು ನಂಬಿ ಸ್ಕ್ಯಾನ್ ಮುಂದೂಡಿದರೆ ಮಾತ್ರ ತೊಂದರೆ. ನಿಜಕ್ಕೂ ಕರಗುವ ಕಲ್ಲೆಂದರೆ ಯೂರಿಕ್ ಆಮ್ಲದ್ದು, ಅದೂ ಮೂತ್ರದ ಹುಳಿ ತಗ್ಗಿಸುವ ಔಷಧದಿಂದ, ವೈದ್ಯರ ನಿಗಾದಲ್ಲಿ. ಬಿಯರ್ ಕುಡಿದರೆ ಕಲ್ಲು ಬೀಳುತ್ತದೆಂಬುದು ಕುಡಿಯುವವರು ಕಟ್ಟಿದ ವೈದ್ಯ.

ಸಸ್ಯಮೂಲದ್ದೆಲ್ಲ ನಿರಪಾಯ ಎನ್ನುವಂತಿಲ್ಲ. ಕರಾವಳಿಯಲ್ಲೂ ಬೆಳೆಯುವ ಬಿಂಬುಳಿಯ ರಸವನ್ನು ಕೊಲೆಸ್ಟರಾಲ್ ಇಳಿಯಲೆಂದು ಕುಡಿದು ಕಿಡ್ನಿಗೆ ದಿಢೀರ್ ಹಾನಿ ಮಾಡಿಕೊಂಡ 10 ಮಂದಿಯ ವಿವರವನ್ನು ಕೇರಳದ ವೈದ್ಯರು 2013ರಲ್ಲಿ ದಾಖಲಿಸಿದ್ದಾರೆ. ಅದರ ಆಕ್ಸಲೇಟ್ ಕಿಡ್ನಿಯೊಳಗೆ ಹರಳುಗಟ್ಟಿತ್ತು. ಧಾರೆಹುಳಿ ಕಿಡ್ನಿ ವೈಫಲ್ಯದವರ ಮಿದುಳಿಗೆ ವಿಷ. ಈಶ್ವರಿ ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನೇ ಕೊಲ್ಲುತ್ತದೆ. ಎಳನೀರಿನ ಪೊಟ್ಯಾಸಿಯಂ ಕೂಡ ಕಿಡ್ನಿ ವೈಫಲ್ಯದವರಿಗೆ ಅಪಾಯ.

ಬಿದ್ದ ಕಲ್ಲನ್ನು ಜರಡಿಯಲ್ಲಿ ಹಿಡಿದು ಲ್ಯಾಬಿಗೆ ಕೊಟ್ಟರೆ ಅದು ಯಾವ ಜಾತಿಯದೆಂದು ತಿಳಿಯುತ್ತದೆ; ಪಥ್ಯವನ್ನೂ ಅದಕ್ಕೆ ತಕ್ಕಂತೆ ಹೇಳಬಹುದು. ಕಲ್ಲು ಕಾಣಲಿಲ್ಲ, ಆದರೆ ನೋವು ನಿಂತಿದೆ ಎಂದಾದರೆ ಸುಮ್ಮನಾಗಬಾರದು. ನಾಳ ಕಟ್ಟಿಕೊಂಡೇ ಇದ್ದರೂ ನೋವು ತಾನಾಗಿ ಇಳಿಯಬಹುದು, ಕಿಡ್ನಿ ಒಳಗೊಳಗೇ ಕೆಡಬಹುದು. ಕೆಲವು ವಾರಗಳೊಳಗೆ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳಿ.